ಸ್ಟಾರ್ಟರಿಗೆ ಸಿಕ್ಕಿಸಿದ ಕಾಗದ

ನನ್ನ ನೆನಪಿನ ಬಬಲೇಶ್ವರದಲ್ಲಿ ಕರೆಂಟೇ ಇಲ್ಲ. ಇದು ಸುಳ್ಳು. ಕರೆಂಟು ಆಗಲೂ ಇರುತ್ತಿತ್ತು, ಈಗಲೂ ಇರುತ್ತದೆ. ಆದರೆ ಆ ಊರನ್ನು ನಾನು ಕಂಡದ್ದು ಹೆಚ್ಚಾಗಿ ಚಿಗವ್ವನ ಹಿಟ್ಟಿನ ಗಿರಣಿಯಲ್ಲಿ ಕೂತು. ಗಿರಣಿ ತಿರುಗುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಮಾತಿಲ್ಲದ ಹೊತ್ತು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಕರೆಂಟ್ ಹೋಗಿ, ಬೆಲ್ಟು ನಿಧಾನವಾಗಿ ನಿಂತು, ಹಿಟ್ಟಿನ ದೂಳು ಇಳಿಯತೊಡಗಿದಾಗ ಜನ ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಾರೆ. ಹೀಗಾಗಿ ನನ್ನಲ್ಲಿ ಉಳಿದದ್ದೆಲ್ಲ ಕರೆಂಟ್ ಹೋದ ಹೊತ್ತುಗಳೇ. ಇಂಥ ನೆನಪಿನ ಮನುಷ್ಯನನ್ನು ವಿಜಯಪುರದ ಒಂದು ಓದುಗರ ಬಳಗದವರು ‘ವಿದ್ಯುತ್ತು ಮತ್ತು ಭರವಸೆ’ ಎಂಬ ವಿಷಯದ ಮೇಲೆ ಮಾತಾಡಲು ಕರೆದಿದ್ದರು.

ಚರ್ಚೆಗೆ ಕಾರಣ ಎರಡು. ಜಪಾನಿನಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಅಣು ವಿದ್ಯುತ್ ಸ್ಥಾವರವನ್ನು ಮತ್ತೆ ಚಾಲೂ ಮಾಡಬೇಕೇ ಬೇಡವೇ ಎಂದು ಅಲ್ಲಿಯ ಜನ ಕಿತ್ತಾಡುತ್ತಿರುವ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅಂಥದೊಂದು ನಮ್ಮ ಕಡೆಗೂ ಬರುತ್ತದಂತೆ ಎಂಬ ಗಾಳಿಮಾತು ಅದರ ಹಿಂದೆಯೇ ಬಂದಿತ್ತು. ಚರ್ಚೆ ರವಿವಾರ, ಸಿದ್ಧೇಶ್ವರ ಗುಡಿಯ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಚರ್ಚೆಯ ನಂತರ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಝುಣಕದ ಊಟ.

ಆ ರೊಟ್ಟಿಯ ಹಿಟ್ಟು ಬೀಸಬೇಕಾದವಳು ನನ್ನ ಚಿಗವ್ವ.

ಅವಳು ನಮ್ಮವ್ವನ ತಂಗಿ. ಗಂಡ ತೀರಿದ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸುತ್ತಾಳೆ. ಪಾಕೀಟಿನ ಹಿಟ್ಟು ಬಂದ ಮೇಲೆ ಡಬ್ಬಿ ಹೊತ್ತು ಬರುವವರು ಕಡಿಮೆಯಾಗಿದ್ದರು. ಊರ ಇನ್ನೊಂದು ತುದಿಯಲ್ಲಿ ಡೀಸೆಲ್ ಎಂಜಿನ್ ಇಟ್ಟುಕೊಂಡ ದೊಡ್ಡ ಗಿರಣಿ ಶುರುವಾದ ಮೇಲೆ ಇನ್ನೂ ಕಡಿಮೆ. ತಿಕೋಟಾದಲ್ಲಿ ಅವಳ ಚಿಕ್ಕಂದಿನ ಗೆಳತಿಯೊಬ್ಬಳು ಐದಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ರೊಟ್ಟಿ ಮಾಡಿ ಮಾರುತ್ತಾಳೆ. ರವಿವಾರದ ಊಟದ ರೊಟ್ಟಿಯೂ ಅವಳದೇ. ಒಂದು ಸಲ ನೋಡೋಣ ಎಂದು ಆ ಗೆಳತಿ ಮೂರು ಚೀಲ ಜೋಳ ಕಳಿಸಿದ್ದಳು.

“ಹಿಟ್ಟು ಸರಿ ಹೋತಂದ್ರ ವಾರಾ ವಾರಾ ಜೋಳಾ ಕಳಸ್ತಾಳಂತ,” ಎಂದು ಚಿಗವ್ವ ಫೋನಿನಲ್ಲಿ ಹೇಳಿದ್ದಳು. “ಇಲ್ಲಂದ್ರ ಗಿರಣಿ ಮುಚ್ಚಿ ಕೀಲಿ ಹಾಕ್ತೀನಿ ಯಪ್ಪಾ. ಶುಕ್ರವಾರ ಬಾ, ಕೈಗೆ ಕೈ ಆಗ್ತದ.”

ವಿಜಯಪುರದ ಜಲನಗರದ ಮನೆಯಲ್ಲಿ ಇನ್ವರ್ಟರಿನ ಫ್ಯಾನಿನಡಿ ಕೂತು ಭರವಸೆಯ ಬಗ್ಗೆ ಯೋಚಿಸುವುದಕ್ಕಿಂತ ಇದು ಒಳ್ಳೆಯದೆಂದು ನಾನು ಹೊರಟೆ. ಹೀಗೆ ಯೋಚಿಸಿಯೇ ಹೊರಟೆನೋ, ಈಗ ಬರೆಯುವಾಗ ಸೇರಿಸಿಕೊಂಡೆನೋ ಗೊತ್ತಿಲ್ಲ. ಬಸ್ಸಿನಲ್ಲಿ ಪತ್ರಿಕೆ ಕೊಂಡದ್ದು, ಅದರ ಅಂಚಿನಲ್ಲಿ ನನ್ನ ಭಾಷಣಕ್ಕೆಂದು ಒಂದು ಒಳ್ಳೆಯ ವಾಕ್ಯ ಬರೆದುಕೊಂಡದ್ದು ಮಾತ್ರ ನಿಜ.

ಗಿರಣಿಯ ಸ್ಟಾರ್ಟರಿನ ಬಗ್ಗೆ ಇಲ್ಲಿ ಹೇಳಬೇಕು. ಹಸಿರು ಗುಂಡಿ ಒತ್ತಿದರೆ ಮೋಟರ್ ಶುರು. ವೋಲ್ಟೇಜ್ ಇಳಿದರೆ ಅದು ತಾನೇ ಬಂದ್ ಮಾಡಿಬಿಡುತ್ತದೆ, ಮೋಟರ್ ಉಳಿಯಲೆಂದು. ನಮ್ಮ ಕಡೆ ವೋಲ್ಟೇಜ್ ಇಳಿಯುವುದೂ ಹತ್ತುವುದೂ ನಡೆದೇ ಇರುತ್ತದೆ, ಪ್ರತಿಸಲ ಎದ್ದು ಹೋಗಿ ಒತ್ತುವವರು ಯಾರು? ಅದಕ್ಕೆ ಒತ್ತಿದ ಗುಂಡಿ ಒತ್ತಿದಂತೆಯೇ ಇರಲೆಂದು ಸಂದಿಯಲ್ಲಿ ಏನಾದರೂ ಸಿಕ್ಕಿಸಿಬಿಡುತ್ತಾರೆ. ತೋಟದ ಪಂಪಿಗೆ ಬೆಂಕಿಕಡ್ಡಿ, ಗಿರಣಿಗೆ ಮಡಚಿದ ಕಾಗದ. ಹೀಗೆ ಮಾಡಿದವರಿಗೆ ಒಂದೇ ನಿಯಮ: ಕರೆಂಟ್ ಹೋದ ಕೂಡಲೇ ಮೇನ್ ಸ್ವಿಚ್ ಕೆಳಗೆಳೆಯಬೇಕು, ಬೀಸುವ ಕಲ್ಲನ್ನು ಸಡಿಲ ಮಾಡಬೇಕು. ಇಲ್ಲದಿದ್ದರೆ ಕರೆಂಟ್ ಮರಳಿದಾಗ, ಕಾಳು ತುಂಬಿ ಬಿಗಿದ ಕಲ್ಲನ್ನು ತಿರುಗಿಸಲಾರದೆ ಮೋಟರ್ ಸುಟ್ಟುಹೋಗುತ್ತದೆ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಒಂದೂವರೆ ಚೀಲ ಬೀಸಿಯಾಗಿತ್ತು. ಚಿಗವ್ವ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು.

“ಎರಡು ತುತ್ತು ಉಂಡು ಬರ್ತೀನಿ. ಕರೆಂಟ್ ಹೋತಂದ್ರ ಮೇನ್ ಕೆಳಗ ಹಾಕು, ಕಲ್ಲು ಸಡ್ಲ ಮಾಡು. ಕೇಳಿಸ್ತಿಲ್ಲೋ?”

“ಹ್ಞೂಂ,” ಎಂದೆ. ಈ ಹ್ಞೂಂ ನನಗೆ ಸ್ಪಷ್ಟವಾಗಿ ನೆನಪಿದೆ. ಮರೆಯಬಹುದಾಗಿದ್ದ ಒಂದೇ ಸಂಗತಿ ಅದಾಗಿತ್ತು.

ಆಗ ಗಿರಣಿಯಲ್ಲಿ ಇದ್ದವರು ಇಬ್ಬರು. ಒಬ್ಬರು ನಿವೃತ್ತ ವಿಜ್ಞಾನ ಮಾಸ್ತರರು, ರವಿವಾರದ ಚರ್ಚೆಯಲ್ಲಿ ಅಣುವಿನ ಪರವಾಗಿ ಮಾತಾಡುವವರು. ಇನ್ನೊಬ್ಬ ಊರ ಹೊರಗೆ ದ್ರಾಕ್ಷಿ ತೋಟ ಇರುವ ಕಾಕಾ, ಅದರ ವಿರುದ್ಧ ಮಾತಾಡುವವನು. ಮಾಸ್ತರರ ಮನೆಯಲ್ಲಿ ಇನ್ವರ್ಟರ್ ಇದೆ. ಕಾಕಾನ ತೋಟದಲ್ಲಿ ಸೋಲಾರ್ ಪಂಪು ಇದೆ. ಎರಡೂ ಇಲ್ಲದ ಚಿಗವ್ವನಿಗೆ ಈ ವಿಷಯದಲ್ಲಿ ಯಾವ ಅಭಿಪ್ರಾಯವೂ ಇರಲಿಲ್ಲ, ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಕರೆಂಟ್ ಹೋಯಿತು. ಬೆಲ್ಟು ನಿಂತಿತು. ಮಾಸ್ತರರು ಕೆಮ್ಮಿದರು.

“ಬಿಸಿಲು ಸಂಜೀಗಿ ಮುಳುಗ್ತದ. ಗಾಳಿ ತನ್ನ ಮನಸ್ಸಿಗಿ ಬಂದಾಗ ಬೀಸ್ತದ. ಅಣು ಹಂಗಲ್ರಿ, ಹಗಲೂ ರಾತ್ರಿ ಒಂದಽ ಸವನ! ಅದಕ್ಕಽ ಜಪಾನದವರು ಮುಚ್ಚಿದ್ದನ್ನ ಮತ್ತ ತೆಗಿಯಾಕತ್ತಾರ.”

“ತೆಗೀಲಿ ತೆಗೀಲಿ,” ಎಂದ ಕಾಕಾ. “ಅವರಿಗಿ ಸಮುದ್ರ ಐತಿ. ನಮ್ಮಲ್ಲಿ ಬಂತಂದ್ರ ನೀರು ಎಲ್ಲಿಂದ ಕುಡಸ್ತೀರಿ ಅದಕ್ಕ? ಕೃಷ್ಣಾ ನದೀದಽ ಅಲ್ಲೇನ್ರಿ? ಮತ್ತ ನನ್ನ ದ್ರಾಕ್ಷಿಗಿ ನೀವು ಉಗುಳ್ತೀರೇನು?”

“ಲೇ, ನಿನಗ ದ್ರಾಕ್ಷಿ ಬಿಟ್ಟು ಬ್ಯಾರೆ ಲೋಕಽ ಇಲ್ಲೇನೋ?”

“ಐತ್ರಿ, ಒಣದ್ರಾಕ್ಷಿ.”

ಮಾಸ್ತರರು ನಗಲಿಲ್ಲ. ನಾನು ನಕ್ಕೆ. ಅವರಿಗೆ ಸಿಟ್ಟು ಬಂದು ರಕ್ಷಣೆಯ ವಿಷಯ ಎತ್ತಿದರು: ಒಂದು ಕೆಟ್ಟರೆ ಇನ್ನೊಂದು, ಅದು ಕೆಟ್ಟರೆ ಮತ್ತೊಂದು, ಎಲ್ಲ ಕೆಟ್ಟರೆ ತಾನೇ ಬಂದ್ ಆಗುವ ವ್ಯವಸ್ಥೆ.

“ಅದನ್ನ ನಡಸವ್ರು ಯಾರ್ರೀ? ನಮ್ಮಂಥವರಽ ಅಲ್ಲೇನು?” ಎಂದ ಕಾಕಾ. “ನನ್ನ ಬೋರಿನ ಮೋಟರ್ ಮೂರು ಸಲ ಸುಟ್ಟದ. ಮೂರೂ ಸಲ ನಾನಽ ಸುಟ್ಟೇನಿ.”

“ಅದು ನಿನ್ನ ಹುಂಬತನ. ವಿಜ್ಞಾನದ್ದಲ್ಲ.”

ಇಲ್ಲಿ ನಾನು ನಡುವೆ ಬಾಯಿ ಹಾಕಿದೆ. ಭರವಸೆ ಎನ್ನುವುದು ಯಂತ್ರದ್ದಲ್ಲ, ಅದನ್ನು ನೋಡಿಕೊಳ್ಳುವ ಮನುಷ್ಯರ ಎಚ್ಚರದ್ದು ಎಂದು ಬಸ್ಸಿನಲ್ಲಿ ಬರೆದುಕೊಂಡ ವಾಕ್ಯವನ್ನು ಹೇಳಿದೆ. ಇಬ್ಬರೂ ಒಪ್ಪಿದಂತೆ ತಲೆಯಾಡಿಸಿದರು. ಅಷ್ಟರಲ್ಲಿ ಕರೆಂಟ್ ಬಂತು.

ಪೂರ್ತಿ ಬರಲಿಲ್ಲ. ಮೂರು ಫೇಸಿನಲ್ಲಿ ಒಂದು ಬರಲಿಲ್ಲ. ಮೋಟರ್ ತಿರುಗದೆ ಗುಂಯ್ ಎಂದಿತು. ಆ ಸದ್ದು ಏನೆಂದು ನಾವು ಮೂವರೂ ಯೋಚಿಸಿದೆವು. ಕಾಕಾ ಹಾರಿ ಹೋಗಿ ಮೇನ್ ಎಳೆಯುವಷ್ಟರಲ್ಲಿ ಕೋಣೆಯ ತುಂಬ ಸುಟ್ಟ ವಾಸನೆ ತುಂಬಿತ್ತು. ಚಿಗವ್ವ ಬಾಗಿಲಲ್ಲಿ ನಿಂತಿದ್ದಳು, ಎಂಜಲು ಕೈ ತೊಳೆದಿರಲಿಲ್ಲ.

ಯಾರನ್ನೂ ಬೈಯಲಿಲ್ಲ. ನೇರ ಸ್ಟಾರ್ಟರಿನ ಹತ್ತಿರ ಹೋಗಿ ಗುಂಡಿಯ ಸಂದಿಯ ಕಾಗದ ಕಿತ್ತಳು. ನೋಡಲಿಲ್ಲ, ಕುಪ್ಪಸದಲ್ಲಿ ಸೇರಿಸಿದಳು.

“ಒಂದೂವರಿ ಚೀಲ ಉಳದದ,” ಎಂದಳು. “ಟಂಟಂ ಗಾಡಿ ಕರಿ ಯಪ್ಪಾ.”

ದೊಡ್ಡ ಗಿರಣಿಯವನ ಜೊತೆ ಅವಳು ಮಾತು ಬಿಟ್ಟು ಎಷ್ಟೋ ದಿನವಾಗಿತ್ತು. ಅಲ್ಲಿ ಪಾಳಿಯಲ್ಲಿ ನಿಂತಳು, ಎಲ್ಲರ ಹಾಗೆ, ಚೀಲದ ಬಾಯಿ ಹಿಡಿದುಕೊಂಡು. ಗಿರಣಿಯವಳು ಗಿರಣಿಯ ಪಾಳಿಯಲ್ಲಿ ನಿಂತದ್ದನ್ನು ಹೆಂಗಸರು ನೋಡಿ ನೋಡದ ಹಾಗೆ ಮಾಡಿದರು. ಅಲ್ಲಿ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಅದಕ್ಕೇ ಅಲ್ಲಿ ಆಡಿದ ಒಂದು ಮಾತೂ ನನಗೆ ನೆನಪಿಲ್ಲ. ಎಂದೂ ಹೋಗದ ಭರವಸೆಯ ವಿದ್ಯುತ್ತು ಎಲ್ಲೆಡೆ ಬಂದರೆ ಜನ ಜಪಾನಿನ ಬಗ್ಗೆ ಮಾತಾಡುವುದು ಯಾವಾಗ ಎಂಬ ಯೋಚನೆ ಬಂತು. ನಾಚಿಕೆಯಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಚೀಲಗಳನ್ನು ನಾನೇ ಒಯ್ದೆ, ಬಬಲೇಶ್ವರದಿಂದ ವಿಜಯಪುರ, ಅಲ್ಲಿಂದ ತಿಕೋಟಾ. ಚಿಗವ್ವನ ಗೆಳತಿ ಒಂದು ಚೀಲದ ಬಾಯಿ ಬಿಚ್ಚಿ ಹಿಟ್ಟನ್ನು ಎರಡು ಬೆರಳಿನಲ್ಲಿ ತಿಕ್ಕಿದಳು. ಇನ್ನೊಂದನ್ನೂ ತಿಕ್ಕಿದಳು. ನನ್ನ ಮುಖ ನೋಡಿದಳು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ರವಿವಾರ ಮಾಳಿಗೆ ತುಂಬಿತ್ತು. ಮೈಕು ಚೆನ್ನಾಗಿತ್ತು, ಕರೆಂಟ್ ಒಮ್ಮೆಯೂ ಹೋಗಲಿಲ್ಲ. ರೊಟ್ಟಿ ತಂದ ಗೆಳತಿಯ ಜೊತೆ ಚಿಗವ್ವನೂ ಬಂದು ಹಿಂದಿನ ಗೋಡೆಗೆ ಒರಗಿ ಕೂತಿದ್ದಳು. ಕಾಕಾ ನೀರಿನ ಬಗ್ಗೆ ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ತನ್ನ ಬೋರಿನ ಮೋಟರಿನ ವಿಷಯ ಎತ್ತಲಿಲ್ಲ, ಗಿರಣಿಯದನ್ನೂ ಎತ್ತಲಿಲ್ಲ. ಮಾಸ್ತರರು ಶಾಲೆಯ ಕನ್ನಡದಲ್ಲಿ ಮಾತಾಡಿದರು.

“ಆಧುನಿಕ ಸ್ಥಾವರಗಳಲ್ಲಿ ಮನುಷ್ಯನ ತಪ್ಪಿಗೆ ಅವಕಾಶವೇ ಇಲ್ಲ,” ಎಂದರು.

ಹಿಂದಿನಿಂದ ಚಿಗವ್ವ ಜೋರಾಗಿ ನಕ್ಕಳು. ಸಭೆ ತಿರುಗಿ ನೋಡಿತು. ಅಧ್ಯಕ್ಷರು ಸೌಜನ್ಯದಿಂದ, “ಏನ್ ಹೇಳ್ತೀರವ್ವಾ? ಮುಂದ ಬಂದು ಹೇಳ್ರಿ,” ಎಂದರು.

“ಏನಿಲ್ರಿ ಯಪ್ಪಾ. ನಡೀಲಿ ನಡೀಲಿ. ರೊಟ್ಟಿ ತಣ್ಣಗಾಗೂವಂಥಾವಲ್ಲ.”

ಸಭೆ ನಕ್ಕಿತು, ಮಾಸ್ತರರು ನೀರು ಕುಡಿದರು. ನನ್ನ ಪಾಳಿ ಬಂದಾಗ ಅಂಚಿನಲ್ಲಿ ವಾಕ್ಯ ಬರೆದಿದ್ದ ಪತ್ರಿಕೆಯ ಹಾಳೆಗಾಗಿ ಚೀಲ ತಡಕಾಡಿದೆ. ಸಿಗಲಿಲ್ಲ. ಏನೋ ಮಾತಾಡಿದೆ. ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಎಂದು ಯಾರೋ ಕೇಳಿದರು. ನನಗೆ ಹೋದದ್ದಷ್ಟೇ ನೆನಪಿರುತ್ತದೆ, ಇದ್ದದ್ದು ನೆನಪಿರುವುದಿಲ್ಲ, ಆದ್ದರಿಂದ ನನ್ನ ಲೆಕ್ಕ ನಂಬಬೇಡಿ ಎಂದೆ. ಚಪ್ಪಾಳೆ ಬಿತ್ತು. ನಾನು ವಿನಯ ತೋರಿಸುತ್ತಿದ್ದೇನೆ ಎಂದು ಅವರು ತಿಳಿದಿದ್ದರು.

ಊಟದ ಹೊತ್ತಿಗೆ ಜನ ರೊಟ್ಟಿಯನ್ನೂ ಹೊಗಳಿದರು. ಖಡಕ್ ರೊಟ್ಟಿ ಮುರಿಯುವಂಥದೇ, ಹೇಗೆ ಮುರಿಯಿತು ಎಂದು ಯಾರು ನೋಡುತ್ತಾರೆ? ಗೆಳತಿ ನೋಡಿದ್ದಳು. ಎರಡು ರೊಟ್ಟಿ ತಂದು ಚಿಗವ್ವನ ಮುಂದೆ ಹಿಡಿದಳು. ಒಂದರ ಅಂಚು ದುಂಡಗಿತ್ತು, ಇನ್ನೊಂದರ ಅಂಚು ಸುತ್ತಲೂ ಸೀಳಿತ್ತು.

“ಇದು ನಿನ್ನ ಕಲ್ಲಿನ ಹಿಟ್ಟು. ಇದು ಯಾರ್ದು ಬೇ? ಬಿಸಿ ಆಗಿ ಜಿಗೀನಽ ಹೋಗ್ಯದ. ಬಡ್ಯಾಕ ಹೋದ್ರ ಹುಡುಗ್ಯಾರ ಕೈಯಾಗ ಹರೀತು.”

ಚಿಗವ್ವ ಇದ್ದದ್ದು ಇದ್ದಂತೆ ಹೇಳಿದಳು. ಮೋಟರ್ ಸುಟ್ಟದ್ದು, ಪಾಳಿಯಲ್ಲಿ ನಿಂತದ್ದು. ಸುಟ್ಟವರು ಯಾರೆಂದು ಮಾತ್ರ ಹೇಳಲಿಲ್ಲ. ನಾನು ಚಟ್ನಿ ಬಡಿಸಲು ಎದ್ದೆ.

“ಇನ್ನೊಂದ್ ಸಲ ಕಳಸ್ತೀನಿ,” ಎಂದಳು ಗೆಳತಿ. “ಒಂದಽ ಸಲ. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ.”

ಮಾಳಿಗೆ ಇಳಿಯುವಾಗ ಚಿಗವ್ವ ಸ್ಟಾರ್ಟರಿನಿಂದ ಕಿತ್ತಿದ್ದ ಕಾಗದವನ್ನು ನನ್ನ ಕೈಗಿಟ್ಟಳು. ಅಂಚು ಕಂದಿತ್ತು. ಅದು ನನ್ನ ಪತ್ರಿಕೆಯೇ, ನನ್ನ ಅಕ್ಷರವೇ.

ಇದು ತೀರ ಚೆನ್ನಾಗಿ ಹೊಂದುತ್ತದೆ. ಎಚ್ಚರದ ಬಗ್ಗೆ ಬರೆದ ವಾಕ್ಯವೇ ಮೋಟರ್ ಸುಟ್ಟಿತು ಎಂದು ಬರೆದು ಮುಗಿಸಿಬಿಡಬಹುದು. ಇಷ್ಟು ಚೆನ್ನಾಗಿ ಹೊಂದುವ ನೆನಪನ್ನು ನಾನು ನಂಬುವುದಿಲ್ಲ, ಅದಕ್ಕೆ ಕಾಗದ ಬಿಡಿಸಿ ನೋಡಿದೆ. ಅಲ್ಲಿ ವಾಕ್ಯವೇ ಇರಲಿಲ್ಲ. ‘ಭರವಸೆ: ಯಂತ್ರದ್ದೋ? ಮನುಷ್ಯರದ್ದೋ? ನೋಡು’ ಎಂದಿತ್ತು. ಅದರ ಕೆಳಗೆ ‘ಹಾಲು, ಉಳ್ಳಾಗಡ್ಡಿ’ ಎಂದಿತ್ತು. ಆ ಭವ್ಯವಾದ ವಾಕ್ಯವನ್ನು ನಾನು ಎಲ್ಲಿಂದ ತಂದೆನೋ ತಿಳಿಯದು. ಗಿರಣಿಯಲ್ಲಿ ಅದನ್ನು ಹೇಳಿದೆನೋ ಇಲ್ಲವೋ ಅದೂ ತಿಳಿಯದು. ಕಾಗದ ಸಿಕ್ಕಿಸಿದವರು ಮಾಸ್ತರರು ಎಂದೇ ನನಗೆ ನೆನಪು, ಅವರ ಉಂಗುರದ ಬೆರಳು ಕೂಡ ಕಾಣುತ್ತದೆ. ಕೇಳಿದರೆ, “ನೀವಽ ಅಲ್ಲೇನ್ರಿ ಮಡಚಿ ಒತ್ತಿದವ್ರು!” ಎಂದರು. ಕಾಕಾ ಅದು ಮೊದಲೇ ಇತ್ತು ಎಂದ, ಶುಕ್ರವಾರದ ಪತ್ರಿಕೆ ಎಂದು ತೋರಿಸಿದರೂ ಮೊದಲೇ ಇತ್ತು ಎಂದ. ಅಕ್ಷರ ನನ್ನದು. ಕೈ ಯಾರದೆಂದು ನಾವು ಮೂವರೂ ಈಗಲೂ ಒಪ್ಪಿಲ್ಲ. ಮೇನ್ ಎಳೆಯದೆ ಕೂತವನು ಯಾರು ಎಂಬುದರ ಬಗ್ಗೆ ಮಾತ್ರ ಚರ್ಚೆಯಿಲ್ಲ.

ಮೋಟರನ್ನು ಸ್ಟೇಷನ್ ರಸ್ತೆಯ ಹತ್ತಿರದ ಅಂಗಡಿಯಲ್ಲಿ ನಾನು ರಿವೈಂಡಿಂಗ್ ಮಾಡಿಸಿ ತಂದೆ. ಮುಂದಿನ ಗುರುವಾರ ತಿಕೋಟಾದಿಂದ ಮತ್ತೆ ಮೂರು ಚೀಲ ಬಂದವು. ಚಿಗವ್ವ ಸ್ಟಾರ್ಟರಿಗೆ ಕುಂಕುಮ ಹಚ್ಚಿ ಹಸಿರು ಗುಂಡಿ ಒತ್ತಿದಳು. ಗಿರಣಿ ತಿರುಗಿತು. ನಾಲ್ಕು ಸೇರು ಬೀಸುವಷ್ಟರಲ್ಲಿ ವೋಲ್ಟೇಜ್ ಇಳಿದು ಬಂದ್ ಆಯಿತು. ಒತ್ತಿದಳು, ಬಂದ್ ಆಯಿತು. ಮತ್ತೆ ಒತ್ತಿದಳು. ಸಂಜೆಯ ಬಸ್ಸಿಗೆ ಹಿಟ್ಟು ಹೋಗಬೇಕಿತ್ತು. ಅವಳು ನನ್ನ ಕಡೆ ತಿರುಗಿದಳು.

“ಕಾಗದ ಐತೇನು?”

ಕಿಸೆಯಲ್ಲಿ ರವಿವಾರದ ಚರ್ಚೆಯ ಆಮಂತ್ರಣ ಪತ್ರ ಇತ್ತು.

“ಸಿಕ್ಕಸು. ಸಿಕ್ಕಸಿ ಅಲ್ಲೇ ನಿಂದ್ರು. ದೇವರು ಬಂದು ಕರದ್ರೂ ಮೇನ್ ಬಿಟ್ಟು ಅಲುಗ್ಯಾಡಬ್ಯಾಡ.”

ನಾಲ್ಕಾಗಿ ಮಡಚಿ ಸಿಕ್ಕಿಸಿದೆ. ಈ ಸಲ ಸಿಕ್ಕಿಸಿದವನು ನಾನು. ಮುಂದೆ ಇದು ಮಾಸ್ತರರು ಎಂದು ನೆನಪಾಗದಿರಲೆಂದು ಇಲ್ಲಿ ಬರೆದಿಟ್ಟಿದ್ದೇನೆ.

ಮೂರನೆಯ ಚೀಲ ನಡೆದಿದ್ದಾಗ ಮಾಸ್ತರರು ಪತ್ರಿಕೆ ಹಿಡಿದು ಬಂದರು. ಹಿಂದೆಯೇ ಕಾಕಾ ಬಂದ. ಇಬ್ಬರ ಬಾಯಿಯೂ ಆಡುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಕರೆಂಟ್ ಹೋಯಿತು. ಬೆಲ್ಟು ನಿಧಾನವಾಯಿತು.

“ಹೇಳ್ರಿ ಮತ್ತ,” ಎಂದು ಮಾಸ್ತರರು ನನ್ನನ್ನೇ ಹಿಡಿದರು. “ನೀವು ಪರವೋ, ವಿರೋಧವೋ? ಆವತ್ತು ಸಭಾದಾಗ ಜಾರಿಕೊಂಡ್ರಿ.”

ಮೇನ್ ಎಳೆದೆ. ಹಿಡಿಕೆ ತಿರುಗಿಸಿ ಕಲ್ಲು ಸಡಿಲ ಮಾಡಿದೆ. ಸಂದಿಯಲ್ಲಿ ಉಳಿದ ಕಾಳನ್ನು ಬೆರಳಿನಿಂದ ಕೆದರಿದೆ. ಅಷ್ಟರಲ್ಲಿ ಅವರಿಬ್ಬರೂ ನನ್ನನ್ನು ಬಿಟ್ಟು ತಮ್ಮ ತಮ್ಮಲ್ಲೇ ಶುರುಮಾಡಿದ್ದರು. ಚಿಗವ್ವ ಹಿಟ್ಟಿನ ಮೇಲೆ ಅಂಗೈ ಇಟ್ಟು ಬಿಸಿಯಾಗಿದೆಯೇ ನೋಡುತ್ತಿದ್ದಳು. ಹಿಟ್ಟು ತಣ್ಣಗೇ ಇತ್ತು.

ಚೀಲಗಳು ಸಂಜೆಯ ಬಸ್ಸಿಗೇ ಹೋದವು. ಮುಂದಿನ ವಾರ ತಿಕೋಟಾದಿಂದ ಖಾಲಿ ಚೀಲ ಬರಲಿಲ್ಲ. ಜೋಳ ತುಂಬಿಕೊಂಡು ಬಂದವು, ಮೂರಲ್ಲ, ನಾಲ್ಕು. ಆಮಂತ್ರಣ ಪತ್ರ ಇನ್ನೂ ಗುಂಡಿಯ ಸಂದಿಯಲ್ಲೇ ಇದೆ. ತೆಗೆಯೋಣವೇ ಎಂದು ಕೇಳಿದರೆ ಚಿಗವ್ವ, “ನೀ ವಾರಾ ವಾರಾ ಬರ್ತೀಯಲ್ಲೋ?” ಎನ್ನುತ್ತಾಳೆ.

ಹ್ಞೂಂ ಎಂದಿದ್ದೇನೆ.