ನೈರೋಬಿಯಲ್ಲಿ ಡಾಂಗಲ್ ತರಲು ಹೋದದ್ದು

ಬೆಳಿಗ್ಗೆ ಒಂಬತ್ತಕ್ಕೆ ಸೌತ್ ಸಿ ಬಡಾವಣೆಯ ಮನೆ ಬಿಟ್ಟೆವು, ನಾನು ಮತ್ತು ಮಗಳು ಸುಧಾ. ಮಧ್ಯಾಹ್ನ ಎರಡೂವರೆಯೊಳಗೆ ಅವಳ ಕಂಪ್ಯೂಟರಿಗೆ ಇಂಟರ್ನೆಟ್ ಬರಬೇಕಿತ್ತು. ಆಗ ನಂಜನಗೂಡಿನಲ್ಲಿ ಐದು ಗಂಟೆ, ಆಸ್ಪತ್ರೆಯಲ್ಲಿ ಡಾಕ್ಟರು ಬರುವ ಹೊತ್ತು.

ನನ್ನ ತಂಗಿ ಗೌರಿಗೆ ಪಿತ್ತಕೋಶದಲ್ಲಿ ಕಲ್ಲು. ಮಾರನೆಯ ದಿನ ಆಪರೇಷನ್. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ಕೈಯಲ್ಲೇ ಕಟ್ಟಿಕೊಂಡ ಮಾತು ಇನ್ನೊಬ್ಬರಿಗೆ ತಿಳಿಯದು. ಬರೀ ಮಾತಿನ ಫೋನು ಇಟ್ಟುಕೊಂಡು ಏನು ಮಾಡುವುದು, ಕಂಪ್ಯೂಟರಿನಲ್ಲಿ ಮುಖ ಕಾಣಬೇಕು. ಡಾಕ್ಟರು ಅಣ್ಣನ ಮಗ ರವಿಗೆ ಎಲ್ಲ ಹೇಳಿದ್ದರು, ಅವನ ಹೆಂಡತಿಗೆ ಹೇಳಿದ್ದರು. ಹೊಟ್ಟೆ ಯಾರದೋ ಅವಳೊಬ್ಬಳಿಗೆ ಹೇಳಿರಲಿಲ್ಲ. ಸೂಜಿ ಹಿಡಿದು ಬಂದ ನರ್ಸಿಗೆ ಗೌರಿ ಒದ್ದಳಂತೆ. ನಾನಾಗಿದ್ದರೂ ಒದೆಯುತ್ತಿದ್ದೆ.

ಮಟಾಟು ಎಂದರೆ ನಮ್ಮ ಕಡೆಯ ಟೆಂಪೋ ಇದ್ದ ಹಾಗೆ, ಹಾಡು ಮಾತ್ರ ಕಿವಿ ಹರಿಯುವಷ್ಟು. ತಲೆಗೆ ಐವತ್ತು ಶಿಲ್ಲಿಂಗ್. ಜುಲೈ ತಿಂಗಳು, ಸ್ವೆಟರ್ ಹಾಕುವಷ್ಟು ಚಳಿ. ಸುಧಾ ಕಂಪ್ಯೂಟರ್ ಚೀಲವನ್ನು ಕಳ್ಳರ ಭಯಕ್ಕೆ ಎದೆಗೆ ಅವಚಿಕೊಂಡಿದ್ದಳು. ಇಂಡಸ್ಟ್ರಿಯಲ್ ಏರಿಯಾದ ಲಾರಿಗಳ ಹಿಂದೆ ಒಂದು ಗಂಟೆಗೂ ಹೆಚ್ಚು ನಿಂತೆವು.

ಪೇಟೆಯ ಅಂಗಡಿಯಲ್ಲಿ ಟೋಕನ್ ಕೊಟ್ಟು ಕೂರಿಸಿದರು. ಒಂದು ಗಂಟೆಗೆ ನಮ್ಮ ಸರದಿ ಬಂತು. ಕಂಪ್ಯೂಟರಿಗೆ ಚುಚ್ಚಿದರೆ ಇಂಟರ್ನೆಟ್ ಬರುವ ಬೆರಳುದ್ದದ ಡಾಂಗಲ್ ಕೂಡಲೇ ಸಿಕ್ಕಿತು. ಅದರೊಳಗಿನ ಸಿಮ್ಮಿಗೆ ಪಾಸ್‌ಪೋರ್ಟ್ ಬೇಕು. ಸುಧಾಳದು ಕೆಲಸದ ಪರ್ಮಿಟ್ಟಿಗೆಂದು ಸರ್ಕಾರಿ ಆಫೀಸಿನಲ್ಲಿತ್ತು, ನನ್ನದು ಕೊಟ್ಟೆವು. ಕೌಂಟರಿನ ಹುಡುಗಿ ತನ್ನ ಕಂಪ್ಯೂಟರಿನ ಮೇಲೆ ಬೆರಳಾಡಿಸಿ ನಿಲ್ಲಿಸಿದಳು, ನನ್ನ ಕಡೆ ನೋಡದೆ ಸುಧಾಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು.

“ಏನಂತೆ?”

“ನಿನಗೆ ಒಂದೇ ಹೆಸರಂತಮ್ಮ. ಸರ್‌ನೇಮ್ ಇಲ್ದೆ ಕಂಪ್ಯೂಟರ್ ತಗೊಳ್ಳಲ್ವಂತೆ.”

“ಅರವತ್ತೆಂಟು ವರ್ಷ ಪುಟ್ಟಮ್ಮ ಅಂದ್ರೆ ಸಾಕಾಗಿತ್ತು. ಇವಳ ಡಬ್ಬಕ್ಕೆ ಸಾಲ್ದಾ?”

“ಮೆಲ್ಲಗೆ ಅಮ್ಮ. ಇಲ್ಲಿ ಎಲ್ಲರಿಗೂ ಎರಡು ಮೂರು ಹೆಸರಿರುತ್ತೆ.”

“ಇರ್ಲಿ. ನನ್ನ ಹೆಸರನ್ನ ನನ್ನ ಕೇಳೋಕೇನು ರೋಗ? ನಾನೇನು ಕಂಬಾನಾ?”

ಹುಡುಗಿ ಎಂಬಸಿಯಿಂದ ಕಾಗದ ತನ್ನಿ ಅಂದಳು. ನನಗೆ ಉರಿದುಹೋಯಿತು. ಪಾಸ್‌ಪೋರ್ಟ್ ಕಿತ್ತುಕೊಂಡು ಕೊನೆಯ ಪುಟ ತೆಗೆದೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಅಲ್ಲಿ ಅಪ್ಪನ ಹೆಸರಿದೆ ಎಂದು ಗೊತ್ತು, ಬರೆಸುವಾಗ ನಾನೇ ಹೇಳಿದ್ದೆ. ಬೆರಳಿಟ್ಟು “ಫಾದರ್” ಎಂದೆ. ಹುಡುಗಿ ಮೊದಲ ಸಲ ನನ್ನ ಮುಖ ನೋಡಿದಳು. “ಸವಾ, ಮಮಾ” ಎಂದಳು, ಸರಿ ಅಮ್ಮ ಎಂದು, ಅಪ್ಪನ ಹೆಸರನ್ನೇ ಸರ್‌ನೇಮ್ ಜಾಗಕ್ಕೆ ಹಾಕಿದಳು. ಸತ್ತು ನಲವತ್ತು ವರ್ಷವಾದ ಅಪ್ಪ ಹೀಗೆ ನೈರೋಬಿಗೆ ಬಂದ.

ಆಮೇಲೆ ಅವಳು, ಚಾಲೂ ಆಗಲು ಎರಡು ಗಂಟೆ ಬೇಕು, ಮನೆಗೆ ಹೋಗಿ ಎಂದಳು. ಆಗಲೇ ಮಧ್ಯಾಹ್ನ ಎರಡು ಹೊಡೆದಿತ್ತು. ನಾನು ಕೌಂಟರಿನ ಎದುರು ನೆಲದ ಮೇಲೆ ಕೂತೆ.

“ಅಮ್ಮ! ಎಲ್ಲ ನೋಡ್ತಿದಾರೆ, ಏಳು.”

“ನೋಡ್ಲಿ. ದೀಪ ಹತ್ತೋವರೆಗೂ ಏಳಲ್ಲ.”

ಕಾವಲಿನವನು ಬಂದು ನನ್ನನ್ನು ನೋಡಿ ಹಿಂದಕ್ಕೆ ಹೋದ. ಹುಡುಗಿ ಯಾರಿಗೋ ಮೂರು ಸಲ ಫೋನು ಮಾಡಿದಳು. ಎರಡೂ ಮುಕ್ಕಾಲಿಗೆ ಡಾಂಗಲಿನಲ್ಲಿ ನೀಲಿ ದೀಪ ಹತ್ತಿತು.

ಸುಧಾ ಅಲ್ಲೇ ಕಂಪ್ಯೂಟರ್ ತೆರೆದು ಆಸ್ಪತ್ರೆಯಲ್ಲಿದ್ದ ರವಿಗೆ ಕರೆ ಮಾಡಿದಳು. ಡಾಕ್ಟರು ಪಕ್ಕದ ಮಂಚಕ್ಕೆ ಹೋಗಿಬಿಟ್ಟಿದ್ದರು, ರವಿ ಕರೆದು ತಂದ. ಪರದೆಯಲ್ಲಿ ಗೌರಿ ಕಂಡಳು, ಇಳಿದುಹೋಗಿದ್ದಳು. ನಾನು ಹೊಟ್ಟೆಯ ಮೇಲೆ ಗೆರೆ ಎಳೆದೆ, ಕಲ್ಲು ಹೆಕ್ಕಿ ಬಿಸಾಡಿದೆ, ಕೆನ್ನೆಗೆ ಅಂಗೈ ಇಟ್ಟು ಮಲಗಿದೆ, ಕಣ್ಣು ಬಿಟ್ಟೆ. ಸಾಯುತ್ತೇನಾ ಎಂದು ಕೈಯಲ್ಲಿ ಕೇಳಿದಳು. ಇಲ್ಲ ಎಂದೆ.

“ಒಪ್ಪಿದ್ರಾ ಅಜ್ಜಿ?” ಡಾಕ್ಟರು ನನ್ನನ್ನು ಕೇಳಿದರು.

“ನನ್ನ ಯಾಕೆ ಕೇಳ್ತೀರಿ ಸ್ವಾಮಿ? ಅವಳ ಮುಖ ನೋಡಿ ಕೇಳಿ.”

ಅವರು ತಿರುಗಿ, ನಾನು ಮಾಡಿದ ಹಾಗೆಯೇ ಕೆನ್ನೆಗೆ ಅಂಗೈ ಇಟ್ಟರು. ಗೌರಿ ಅವರನ್ನು ಮೇಲಿಂದ ಕೆಳಗೆ ನೋಡಿ, ಸೂಜಿಗೆ ತೋಳು ಚಾಚಿದಳು.

ವಾಪಸು ಬರುವಾಗಲೂ ಅದೇ ಲಾರಿಗಳು. ನಾಳೆ ಕಂಪ್ಯೂಟರ್ ಮನೆಯಲ್ಲೇ ಇರಲಿ, ಗೌರಿಗೆ ಎಚ್ಚರವಾಗುವ ಹೊತ್ತಿಗೆ ನಾನು ಕಾಣಬೇಕು ಎಂದೆ.

“ಆಫೀಸಿಗೆ ಬೇಕಲ್ಲಮ್ಮ!”

“ನಿಮ್ಮ ಆಫೀಸಿನವರಿಗೆ ಬಾಯಿದೆಯಲ್ಲ,” ಎಂದೆ. “ಫೋನ್ ಮಾಡ್ಲಿ.”