ಮಾಳಮ್ಮ ಕಾಣದ ಮೂರು ಮಕ್ಕಳು

ಚೌಡಾಪುರದ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ಹೋದರೆ ಸಿಗುವ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಾಳಮ್ಮ ಹದಿನಾಲ್ಕು ವರ್ಷ ಬಿಸಿಯೂಟ ಮಾಡಿದಳು. ಮೊದಲ ವರ್ಷ ಅವಳ ಕೈಯ ಅನ್ನ ಬೇಡವೆಂದು ಕೆಲವು ಮನೆಯವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಮಾಳಮ್ಮ ಯಾರನ್ನೂ ಬೈಯಲಿಲ್ಲ, ಕರೆಯಲೂ ಇಲ್ಲ. ಬೇಳೆಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಅಡುಗೆಕೋಣೆಯ ಬಾಗಿಲು ತೆರೆದಿಟ್ಟಳು. ಎರಡನೇ ವರ್ಷ ಡಬ್ಬಿಗಳು ನಿಂತವು. ಯಾರು ಸಾಲಿನಲ್ಲಿ ಕೂತರು, ಯಾರು ಕೂರಲಿಲ್ಲ ಎಂದು ಗಮನಿಸುವ ರೂಢಿ ಮಾತ್ರ ಅವಳಿಗೆ ಉಳಿದುಬಿಟ್ಟಿತು.

ಶಾಲೆಯಲ್ಲಿ ಮೊಟ್ಟೆ ಕೊಡುವುದು ಶುರುವಾದಾಗ, ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂದು ಮನೆಮನೆ ತಿರುಗಿ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡವಳೂ ಅವಳೇ. ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ದಪ್ಪ, ಆದರೆ ತಪ್ಪಿಲ್ಲ.

ಜಾಣ ಮಕ್ಕಳಿಗೆಂದು ಜಿಲ್ಲೆಯಲ್ಲಿ ಒಂದು ಸರ್ಕಾರಿ ವಸತಿ ಶಾಲೆಯಿದೆ. ಐದನೇ ತರಗತಿಯವರು ಪರೀಕ್ಷೆ ಬರೆದು ಸೇರಬೇಕು. ಹೆಚ್ಚಿನ ಸೀಟುಗಳು ಹಳ್ಳಿ ಶಾಲೆಯಲ್ಲಿ ಮೂರು ವರ್ಷ ಓದಿದವರಿಗೆ ಮೀಸಲು. ಕಳೆದ ವರ್ಷ ಮಾರ್ಚ್‌ನಲ್ಲಿ ಫಲಿತಾಂಶ ಬಂದ ದಿನ ಮೈತ್ರಿ ಎಂಬ ಹುಡುಗಿ ತಟ್ಟೆ ತೊಳೆಯುತ್ತ ಹೇಳಿದಳು:

"ದೊಡ್ಡವ್ವ, ನಮ್ಮ ಸಾಲಿಯಿಂದ ಮೂರು ಮಂದಿ ಪಾಸಾಗ್ಯಾರಂತ. ನಾ ವೇಟಿಂಗ್ ಲಿಸ್ಟಿನ್ಯಾಗ ಎರಡನೇದಾಕಿ. ಆ ಮೂರು ಮಂದಿ ಯಾರಂತ ನನಗ ಗೊತ್ತೇ ಇಲ್ಲ."

ಇಡೀ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು. ಗೊತ್ತಿಲ್ಲ ಅಂದರೆ ಹೇಗೆ? ಮಾಳಮ್ಮ ಫಲಿತಾಂಶದ ಪಟ್ಟಿಯಲ್ಲಿದ್ದ ಮೂವರ ಹೆಸರು ಕೇಳಿಕೊಂಡು ತನ್ನ ನೋಟ್‌ಬುಕ್ ತಿರುವಿದಳು. ಮೂರು ವರ್ಷದ ಪುಟಗಳಲ್ಲಿ ಆ ಮೂವರು ಮೊಟ್ಟೆಯ ಕಡೆಯೂ ಇರಲಿಲ್ಲ, ಬಾಳೆಹಣ್ಣಿನ ಕಡೆಯೂ ಇರಲಿಲ್ಲ.

ಹೆಡ್‌ಮಾಸ್ತರ ದತ್ತಪ್ಪ ಕೆಟ್ಟವರಲ್ಲ, ಅಂಜುಬುರುಕರು. ಅವಳು ಕೇಳಿದಾಗ ಬಾಗಿಲು ಮುಚ್ಚಿ ದನಿ ತಗ್ಗಿಸಿದರು.

"ಅಫಜಲಪುರದಾಗ ಖಾಸಗಿ ಸಾಲಿಗೆ ಹೋಗೋ ಮಕ್ಕಳು ಮಾಳಮ್ಮ. ಹೆಸರಷ್ಟೇ ಇಲ್ಲಿ. ಒಬ್ಬಾಕಿ ನಮ್ಮ ಸಾಲಿ ಸಮಿತಿಯ ಗುರಣ್ಣನ ಮೊಮ್ಮಗಳು. ಆದ್ರ ಅವರೂ ಪರೀಕ್ಷೆ ಬರೆದೇ ಪಾಸಾಗ್ಯಾರಲ್ಲ?"

"ಪಾಸಾಗಿದ್ದು ಖರೇ ಸರ್. ಶಾಣ್ಯಾ ಮಕ್ಕಳೇ ಇರಬೇಕು. ಆದ್ರ ಹಳ್ಳಿ ಮಕ್ಕಳ ಸೀಟಿಗೆ ಕೂತಾರ. ಈ ಹತ್ತೊಂಬತ್ತು ಮಕ್ಕಳಿಗೆ ಟ್ಯೂಷನ್ ಎಲ್ಲೈತ್ರಿ? ಗಣಿತದ ಮಾಸ್ತರೇ ಎರಡು ವರ್ಷದಿಂದ ಇಲ್ಲ."



ಮೈತ್ರಿಯ ಅಪ್ಪ ಜಗದೇವ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೂಲಿ. ಅವನಿಗೂ ಮಾಳಮ್ಮನಿಗೂ ನಳದ ನೀರಿನ ಜಗಳವಾಗಿ ಎರಡು ವರ್ಷದಿಂದ ಮಾತಿರಲಿಲ್ಲ. ಆದರೂ ಅವಳು ಅವನ ಅಂಗಳಕ್ಕೆ ಹೋಗಿ ನಿಂತಳು, ದೂರಿನ ಅರ್ಜಿಗೆ ಸಹಿ ಕೇಳಿದಳು.

"ದೊಡ್ಡವರ ಸುದ್ದಿ ನಮಗ್ಯಾಕ ಬೇ," ಎಂದ ಜಗದೇವ. "ನಿನ್ನ ಕೆಲಸ ಹೋಗ್ತದ."

"ಹೋಗ್ಲಿ. ನೀ ಸಹಿ ಮಾಡಬ್ಯಾಡ, ನಾನೇ ಮಾಡ್ತೇನಿ. ನಿನ್ನ ಮಗಳಿಗಂತ ಅಲ್ಲ ಲೇ. ನಾ ಉಣಿಸಿದ ಮಕ್ಕಳು ಯಾರಂತ ನನಗ ಗೊತ್ತದ, ಅದನ್ನ ಹೇಳಾಕ ಹೊಂಟೇನಿ."

ಅರ್ಜಿಯನ್ನು ಅವಳೇ ಬರೆದಳು. ಅಫಜಲಪುರದ ಶಿಕ್ಷಣ ಕಚೇರಿಗೆ ಮೂರು ಸಲ ಹೋದಳು. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೇ ಸಲ ಅರ್ಜಿಗೆ ಸ್ವೀಕೃತಿ ಕೊಡಲಿಲ್ಲ. ಮೂರನೇ ಸಲ ರೊಟ್ಟಿ ಕಟ್ಟಿಕೊಂಡು ಹೋಗಿ, ಮೊಹರು ಬೀಳುವ ತನಕ ವರಾಂಡದ ಬೆಂಚು ಬಿಟ್ಟು ಏಳಲಿಲ್ಲ.

ಎಂಟು ದಿನದ ಮೇಲೆ ವಿಚಾರಣೆಗೆ ಖುರ್ಷಿದಬೇಗಂ ಎಂಬ ಅಧಿಕಾರಿ ಬಂದರು, ಸರಿಯಾಗಿ ಊಟದ ಹೊತ್ತಿಗೆ. ಹಾಜರಿ ಪುಸ್ತಕದಲ್ಲಿ ಆ ಮೂವರೂ ಅಂದು ಹಾಜರಿದ್ದರು, ಸಾಲಿನಲ್ಲಿ ಇರಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷ ಗುರಣ್ಣ ಓಡಿ ಬಂದ.

"ಅಡುಗಿ ಮಾಡೋಳ ಮಾತು ಕೇಳಿ ಮಕ್ಕಳ ಭವಿಷ್ಯ ಹಾಳ ಮಾಡ್ತೀರೇನ್ರಿ ಮೇಡಮ್?"

ಮಾಳಮ್ಮ ಸೌಟು ಕೆಳಗಿಟ್ಟು ಮುಂದೆ ಬಂದಳು. "ಹೌದ್ರಿ, ಅಡುಗಿ ಮಾಡೋಳೇ. ದಿನಾ ಬಡಿಸೋಳು ನಾನು. ಒಂದು ದಿನಾನೂ ಇವರ ಮಾರಿ ನೋಡಿಲ್ಲ."

ಖುರ್ಷಿದಬೇಗಂ ಆ ನೋಟ್‌ಬುಕ್ಕನ್ನು ಪುಟಪುಟ ನೋಡಿದರು. ಆಮೇಲೆ ಖಾಸಗಿ ಶಾಲೆಯ ಹಾಜರಿಯನ್ನೂ ತರಿಸಿದರು. ಇಬ್ಬರ ಪ್ರವೇಶ ರದ್ದಾಯಿತು. ಗುರಣ್ಣನ ಮೊಮ್ಮಗಳ ಕಾಗದಪತ್ರ ಮಾತ್ರ ಎಲ್ಲಿಂದಲೋ ಗಟ್ಟಿಯಾಗಿ ಬಂದವು. ಅವಳ ಸೀಟು ಉಳಿಯಿತು. ಖಾಲಿಯಾದ ಎರಡರಲ್ಲಿ ಒಂದು ವೇಟಿಂಗ್ ಲಿಸ್ಟಿನಲ್ಲಿ ಮೊದಲಿದ್ದ ಜೇವರ್ಗಿ ಕಡೆಯ ಹುಡುಗಿಗೆ ಹೋಯಿತು. ಅವಳನ್ನು ಮಾಳಮ್ಮ ಇವತ್ತಿಗೂ ನೋಡಿಲ್ಲ. ಇನ್ನೊಂದು ಮೈತ್ರಿಗೆ ಸಿಕ್ಕಿತು.

ಜೂನ್‌ನಲ್ಲಿ ಸಮಿತಿ ಮಾಳಮ್ಮನನ್ನು ಕೆಲಸದಿಂದ ಬಿಡಿಸಿತು. ಎರಡು ದಿನ ಅವಳು ಮನೆಯಿಂದ ಹೊರಗೆ ಬರಲಿಲ್ಲ. ಶಾಲೆಯ ಗಂಟೆ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮೂರನೇ ದಿನ ತೊಗರಿ ಹೊಲದ ಕಳೆ ಕೀಳಲು ಹೋದಳು. ಕೆಲಸ ವಾಪಸ್ ಕೊಡಿ ಎಂದು ಹಾಕಿದ ಅರ್ಜಿ ಇನ್ನೂ ಕಚೇರಿಯಲ್ಲಿದೆ; ತಿಂಗಳಿಗೊಮ್ಮೆ ಹೋಗಿ ಕೇಳಿ ಬರುತ್ತಾಳೆ.

ಆಗಸ್ಟ್‌ನ ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತಳು. ವಸತಿ ಶಾಲೆಯ ಪರೀಕ್ಷೆಗೆ ಊರಿನಿಂದ ಯಾರ್‍ಯಾರ ಹೆಸರು ಹೋಗುತ್ತದೋ ಅದನ್ನು ಪ್ರತಿವರ್ಷ ಎಲ್ಲರೆದುರು ಓದಬೇಕು ಎಂದಳು. ಗುರಣ್ಣ ಅದೆಲ್ಲ ನಿಯಮದಲ್ಲಿಲ್ಲ ಎಂದ. ಹಿಂದೆ ಕೂತಿದ್ದ ಶಾರದಾಬಾಯಿ, "ಓದಿದ್ರ ನಿಮಗೇನ್ ತ್ರಾಸ್ರಿ?" ಎಂದು ಕೇಳಿದಳು. ಹೆಂಗಸರೆಲ್ಲ ಹೂಂಗುಟ್ಟಿದರು. ಮೂಲೆಯಲ್ಲಿದ್ದ ಜಗದೇವನೂ ಕೈ ಎತ್ತಿದ.

ಆಯಿತಮ್ಮ, ಓದೋಣ, ಕೂತುಕೋ ಎಂದರು ಪಂಚಾಯ್ತಿ ಕಾರ್ಯದರ್ಶಿ.

"ಬಾಯಿಮಾತು ಬ್ಯಾಡ್ರಿ. ಠರಾವಿನ್ಯಾಗ ಬರೀರಿ. ಬರೆದ ಮ್ಯಾಲೆ ಕೂಡ್ತೇನಿ," ಎಂದಳು ಮಾಳಮ್ಮ.