ದಿವಂಗತನಿಗೆ ಏಳನೇ ಸಾಲಿನಲ್ಲಿ ಕುರ್ಚಿ

ತಾನು ಸತ್ತಿರುವ ಸಂಗತಿ ಅಲ್ಲಾವುದ್ದೀನನಿಗೆ ತಿಳಿದದ್ದು ರಾಯಾಪುರದ ಹತ್ತಿರ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಕಿಟಕಿಯಿಂದ. ರಸ್ತೆಯ ಬದಿಗೆ ದೊಡ್ಡದೊಂದು ಫ್ಲೆಕ್ಸು. ಅದರಲ್ಲಿ ಗಿಟಾರು ಹಿಡಿದ, ತಲೆತುಂಬ ಕೂದಲಿದ್ದ ಒಬ್ಬ ಹುಡುಗ. ಕೆಳಗೆ ಹೀಗೆ ಬರೆದಿತ್ತು: ‘ಎರಿಹೊಲ ಬ್ಯಾಂಡಿಗೆ ಮೂವತ್ತು ವರ್ಷ. ನಮ್ಮ ಮೊದಲ ಗಿಟಾರ್ ವಾದಕ, “ಒಣ ಗುಡುಗು” ಕೃತಿಯ ಕರ್ತೃ ದಿವಂಗತ ಅಲ್ಲಾವುದ್ದೀನ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ. ರವಿವಾರ ಸಂಜೆ, ಧಾರವಾಡ. ಪ್ರವೇಶ ಉಚಿತ.’

“ರೀ, ಈ ಹುಡುಗ ನಿಮ್ಮಂಗ ಕಾಣ್ತಾನಲ್ರಿ,” ಅಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ಸುಲ್ತಾನಾ.

“ನಾನ ಅದು.”

“ಯವ್ವಾ! ಸತ್ತಾರಂತ ಬರದಾರಲ್ಲ?”

“ಹೂಂ. ಪ್ರವೇಶ ಉಚಿತ ಅಂತನೂ ಬರದಾರ.”

ಅಲ್ಲಾವುದ್ದೀನ ಹುಬ್ಬಳ್ಳಿಯ ತಾರಿಹಾಳದಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಸುಟ್ಟುಹೋದ ಪಂಪ್‌ಸೆಟ್ಟಿನ ಹೊಟ್ಟೆ ಬಗೆದು ಕರಕಲು ತಂತಿ ತೆಗೆದು ಹೊಸ ತಾಮ್ರ ಸುತ್ತಿ ಕೊಡುತ್ತಾನೆ. ಹರೆಯದಲ್ಲಿ ಅದೇ ಕೈಯಿಂದ ತನ್ನ ಎಲೆಕ್ಟ್ರಿಕ್ ಗಿಟಾರಿಗೂ ದನಿ ಹಿಡಿಯುವ ಕಾಯಿಲ್ ಸುತ್ತಿಕೊಂಡಿದ್ದ. ಎರಿಹೊಲ ಬ್ಯಾಂಡಿನಲ್ಲಿ ಇವನು ಗಿಟಾರು, ಅರಳೆ ವ್ಯಾಪಾರಿಯ ಮಗ ಗುರುಪಾದ ಹಾಡುವವನು. ತಾಲೀಮು ಗುರುಪಾದನ ಅಪ್ಪನ ಗೋದಾಮಿನಲ್ಲಿ. ಸುತ್ತಲೂ ಅರಳೆಯ ಅಂಡಿಗೆಗಳಿದ್ದದ್ದರಿಂದ ಒಳಗೆ ಎಷ್ಟು ಕಿರುಚಿದರೂ ಓಣಿಗೆ ಕೇಳುತ್ತಿರಲಿಲ್ಲ. ಹುಬ್ಬಳ್ಳಿಯ ಮೊದಲ ಪ್ರೊಗ್ರೆಸಿವ್ ರಾಕ್ ಬ್ಯಾಂಡು ಅಷ್ಟು ದಿನ ಪೆಟ್ಟು ತಿನ್ನದೆ ಉಳಿದದ್ದೇ ಅರಳೆಯ ಪುಣ್ಯದಿಂದ. ಪ್ರೊಗ್ರೆಸಿವ್ ರಾಕ್ ಅಂದರೇನು ಎಂದು ತಿಳಿದವರು ಗಂಟೆಗಟ್ಟಲೆ ವಿವರಿಸುತ್ತಾರೆ. ನಮ್ಮಂಥವರಿಗೆ ತಿಳಿದ ಮಟ್ಟಿಗೆ, ಚಹಾ ಕುಡಿದು ಕೇಳಲು ಕೂತರೆ ಮುಗಿಯುವ ಹೊತ್ತಿಗೆ ಊಟದ ಹಸಿವಾಗುವಷ್ಟು ಉದ್ದದ ಹಾಡು.

ಅಲ್ಲಾವುದ್ದೀನ ಕಟ್ಟಿದ ‘ಒಣ ಗುಡುಗು’ ಹದಿನೆಂಟು ನಿಮಿಷದ್ದು. ಪುಣೆಯ ಸ್ಪರ್ಧೆಯವರು ಐದೇ ನಿಮಿಷ ಕೊಟ್ಟರು. ಕತ್ತರಿಸೋಣ ಅಂದ ಗುರುಪಾದ. “ಸುತ್ತು ಕಡಿಮಿ ಮಾಡಿದ್ರ ಮೋಟಾರ ಸುಡತೈತಿ,” ಅಂದ ಅಲ್ಲಾವುದ್ದೀನ. ಬ್ಯಾಂಡು ಇವನನ್ನು ಬಿಟ್ಟು, ಹಾಡು ಕತ್ತರಿಸಿಕೊಂಡು ಪುಣೆಗೆ ಹೋಯಿತು, ಗೆದ್ದಿತು, ಅಲ್ಲೇ ಉಳಿಯಿತು. ಇವನು ಪಂಪ್‌ಸೆಟ್ಟುಗಳ ಜೊತೆ ಉಳಿದ. ಕ್ಯಾಸೆಟ್ಟು ಬಂದಾಗ ‘ಒಣ ಗುಡುಗು’ ಗುರುಪಾದನ ರಚನೆಯಾಗಿತ್ತು.

ಮೊದಲ ಗಿಟಾರಿನವನು ಎಲ್ಲಿ ಎಂದು ಪತ್ರಕರ್ತರು ಕೇಳುತ್ತಿದ್ದರು. ಗುರುಪಾದ ಕೆಲ ವರ್ಷ ವಿವರಿಸಿದ. ಬೇಸರ ಬಂದು ಒಂದು ದಿನ “ತೀರಿಕೊಂಡ, ಪಾಪ,” ಅಂದುಬಿಟ್ಟ. ಆಮೇಲೆ ಯಾರೂ ಮರುಪ್ರಶ್ನೆ ಹಾಕಲಿಲ್ಲ. ಹೇಳಿ ಹೇಳಿ ಕಡೆಗೆ ತಾನೂ ನಂಬಿದ. ಈಗ ಮೂವತ್ತರ ಸಂಭ್ರಮ. ಸತ್ತವನಿಗೆ ಹಾಡು ಮರಳಿ ಕೊಟ್ಟರೆ ಕೈಯಿಂದ ಹೋಗುವುದೇನಿದೆ? ಕೊಟ್ಟುಬಿಟ್ಟ.

“ಸಂಘಟಕರ ಕೊಳ್ಳಪಟ್ಟಿ ಹಿಡೀರಿ,” ಅಂದಳು ಸುಲ್ತಾನಾ.

“ಬ್ಯಾಡ. ನಾ ಜೀವಂತ ಅದೀನಂತ ಗೊತ್ತಾತಂದ್ರ ಹಾಡು ವಾಪಸ್ ಕಸಗೋತಾರ. ಜೀವಂತ ಇದ್ದವಗ ಪಾಲು ಕೊಡಬೇಕಾಗತೈತಿ, ಸತ್ತವಗ ಹಾರ ಸಾಕು. ಗುರ್ಯಾ ಮೈಕಿನ್ಯಾಗ ಒಮ್ಮಿ ಹೇಳಲಿ, ಹಾಡು ನನ್ನದಂತ. ಕೇಳಿ ಎದ್ದು ಬರೂನು.”

ರವಿವಾರ ಸಂಜೆ ಇಬ್ಬರೂ ಏಳನೇ ಸಾಲಿನಲ್ಲಿ ಕೂತರು. ಅಲ್ಲಾವುದ್ದೀನ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ವೇದಿಕೆಯ ಮೇಲೆ ಅವನ ಫೋಟೋ, ಅದಕ್ಕೆ ಚೆಂಡುಹೂವಿನ ಹಾರ.

“ನಮ್ಮ ಮದುವ್ಯಾಗೂ ಇಷ್ಟ ದಪ್ಪ ಹಾರ ತಂದಿದ್ದಿಲ್ಲ ನಿಮ್ಮವರು,” ಅಂತ ಸುಲ್ತಾನಾ ಗೊಣಗಿದಳು.

ಆಚೆ ಬದಿಯ ಕುರ್ಚಿಯಲ್ಲಿದ್ದ ಬೋಳುತಲೆಯವನು ತಾನಾಗಿಯೇ ಪರಿಚಯ ಮಾಡಿಕೊಂಡ. ಹೆಸರು ಕಲ್ಲೇಶ. “ಅಲ್ಲಾವುದ್ದೀನ ನನ್ನ ಜೀವದ ಗೆಳ್ಯಾರಿ. ಒಂದ ತಾಟಿನ್ಯಾಗ ಉಂಡವ್ರು ನಾವು.”

“ಹೌದೇನ್ರಿ?” ಅಂದ ಅಲ್ಲಾವುದ್ದೀನ. ಆ ಮುಖವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. “ಹೆಂಗಿದ್ರು?”

“ಬಂಗಾರದಂಥಾ ಮನಶ್ಯಾ. ಸ್ವಲ್ಪ ಹಟಮಾರಿ.”

“ಇದೊಂದು ಖರೇ,” ಅಂದಳು ಸುಲ್ತಾನಾ.

ನಿರೂಪಕ ಮೈಕು ಹಿಡಿದ. ನಡುವಯಸ್ಸು, ನಾಲ್ಕು ಜೋಕು, ಮೈಕು ಸಿಕ್ಕರೆ ಬಿಡದ ಕೈ. ಬರೆಯುವ ನಮ್ಮಲ್ಲಿ ಬಹಳ ಮಂದಿ ಹೀಗೇ ಇರುತ್ತೇವೆ, ಅವನನ್ನು ಅಂದು ಫಲವಿಲ್ಲ. ಅಗಲಿದ ಚೇತನ, ಮುರಿದ ತಂತಿ, ಆರಿದ ದೀಪ ಎಲ್ಲವನ್ನೂ ಮುಗಿಸಿ, “ಈಗ ಎರಡು ನಿಮಿಷ ಮೌನ. ನಂತರ ಗುರುಪಾದ ಸರ್ ಮಾತಾಡುತ್ತಾರೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು,” ಅಂದ.

ಸಭೆಯೆಲ್ಲ ಎದ್ದಿತು. ಗುರುತು ಸಿಕ್ಕೀತೆಂದು ಅಲ್ಲಾವುದ್ದೀನನೂ ಎದ್ದು, ತಲೆ ತಗ್ಗಿಸಿ ತನ್ನ ಸಾವಿಗೆ ತಾನೇ ನಿಂತ. ಸುಲ್ತಾನಾ ಕುರ್ಚಿ ಬಿಟ್ಟು ಕದಲಲಿಲ್ಲ.

“ಏಳ ಮಾರಾಯ್ತಿ,” ತುಟಿ ಅಲುಗಿಸದೆ ಅಂದ.

“ಏಳಂಗಿಲ್ಲ.”

“ಎರಡ ನಿಮಿಷ. ಆಮ್ಯಾಲ ಹೆಸರು ಹೇಳ್ತಾನ. ಈಗ ಕೆಡಸಬ್ಯಾಡ.”

“ಅಕ್ಕಾರ, ಏಳ್ರಿ,” ಅಂದ ಕಲ್ಲೇಶ. “ಸತ್ತವ್ರಿಗೆ ಅಷ್ಟರೆ ಮರ್ಯಾದಿ ಕೊಡ್ರಿ.”

“ನನ್ನ ಗಂಡ ಗಟ್ಟಿಮುಟ್ಟ ಇದ್ದಾಗ ನಾ ಯಾಕ ಏಳಲಿ?”

ಆ ಮೌನದಲ್ಲಿ ಮಾತು ಸಭೆಯ ತುದಿಗೆ ಮುಟ್ಟಿತು. ತಲೆಗಳು ಹಿಂದಕ್ಕೆ ತಿರುಗಿದವು. ಅವಳ ಕಣ್ಣಲ್ಲಿ ನೀರಿತ್ತು. ಅಲ್ಲಾವುದ್ದೀನ ಇಷ್ಟು ಹೊತ್ತೂ ಇದನ್ನು ತನ್ನೊಬ್ಬನ ಸಾವೆಂದು ತಿಳಿದಿದ್ದ. ಟೋಪಿ ತೆಗೆದು ಅವಳ ಪಕ್ಕದಲ್ಲಿ ಕೂತ. ಇಡೀ ಸಭೆಯಲ್ಲಿ ಕೂತವರು ಅವರಿಬ್ಬರೇ. ವೇದಿಕೆಯ ಮೇಲಿದ್ದ ಗುರುಪಾದ ನೋಡಿದ. ಫೋಟೋದ ಕಡೆ ತಿರುಗಿದ, ಮತ್ತೆ ಏಳನೇ ಸಾಲಿನ ಕಡೆ ನೋಡಿದ.

ಮೌನ ಮುಗಿದು ಜನ ಕೂತರು. ಗುರುಪಾದ ಮೈಕಿನ ಹತ್ತಿರ ಬಂದ. “ಈಗ ‘ಒಣ ಗುಡುಗು’. ಇದನ್ನ... ಇದನ್ನ ನಾವು ಬ್ಯಾಂಡಿನವರೆಲ್ಲಾ ಕೂಡಿ...”

ಅಂಜಿದ್ದೇ ಆಯಿತು. ಬದುಕಿದ್ದಾನೆಂದು ಕಂಡದ್ದೇ ತಡ, ಹಾಡು ಕೈ ಜಾರಿತು. ಅಲ್ಲಾವುದ್ದೀನ ಸುಮ್ಮನೆ ಎದ್ದು ಹೋಗಿಬಿಡಬಹುದಿತ್ತು, ಮೂವತ್ತು ವರ್ಷ ಮಾಡಿದ್ದು ಅದನ್ನೇ. ಎದ್ದು ನಿಂತ. ಆದರೆ ಬಾಗಿಲ ಕಡೆ ತಿರುಗಲಿಲ್ಲ.

“ಏ ಗುರ್ಯಾ! ಎಲ್ಲಾರೂ ಕೂಡಿ ಅಲ್ಲೋ. ಫ್ಲೆಕ್ಸಿನ್ಯಾಗ ಹೆಂಗ ಬರಸಿದಿ ಹಂಗ ಹೇಳು. ‘ದಿವಂಗತ’ ಒಂದು ತಗಿ, ಉಳದದ್ದೆಲ್ಲಾ ಬರೋಬರಿ ಐತಿ.”

ಯಾರೋ ನಕ್ಕರು, ನಕ್ಕದ್ದು ತಪ್ಪೇನೋ ಅಂತ ನಿಲ್ಲಿಸಿದರು. ಕಲ್ಲೇಶ ಜೀವದ ಗೆಳೆಯನಿಂದ ಎರಡು ಕುರ್ಚಿ ಆಚೆ ಸರಿದ. ಗುರುಪಾದ ಮೈಕನ್ನು ಎರಡೂ ಕೈಯಲ್ಲಿ ಹಿಡಿದ. ಗೋದಾಮಿನ ಕಾಲದ ದನಿಯಲ್ಲಿ, “ಕಟ್ಟಿದಾಂವ ಅಲ್ಲಾವುದ್ದೀನ. ಒಬ್ಬನ. ಅಲ್ಲಿ ನಿಂತಾನ ನೋಡ್ರಿ,” ಅಂದ. ಸರಕ್ಕನೆ ಹಿಂದೆ ಸರಿದು, ಶುರು ಮಾಡಿ ಅಂತ ಹುಡುಗರಿಗೆ ಕೈಸನ್ನೆ ಮಾಡಿದ.

ಶ್ರದ್ಧಾಂಜಲಿ ಎಂದು ಈ ಸಲ ಪೂರ್ತಿ ಹದಿನೆಂಟು ನಿಮಿಷ ನುಡಿಸುವವರಿದ್ದರು. ಅಲ್ಲಾವುದ್ದೀನ ಮೆಲ್ಲಗೆ ಕೂತ. ಸುಲ್ತಾನಾ ಈ ಹಾಡನ್ನು ಕೇಳುತ್ತಿದ್ದದ್ದು ಇದೇ ಮೊದಲು. ಬಹಳ ಹೊತ್ತು ಕಣ್ಣು ಕಿರಿದು ಮಾಡಿಕೊಂಡು ಕೇಳಿ, ಗಂಡನ ಕಿವಿಯ ಹತ್ತಿರ ಬಾಗಿದಳು.

“ಛಲೋ ಐತ್ರಿ. ಆದ್ರ ಭಾಳ ಉದ್ದ ಆತು.”

“ಇನ್ನಾ ಅರ್ಧಾನೂ ಆಗಿಲ್ಲ,” ಅಂದ ಅಲ್ಲಾವುದ್ದೀನ. “ಸುಮ್ಮನ ಕೇಳು.”